ಸತ್ಯಕ್ಕೆ ಸರಕಾರದ ಮೊಹರು ಬೇಕೆ?

ಗಾಳಿಸುದ್ದಿಗೆ ಉರ್ದುವಿನಲ್ಲಿ 'ಅಫ್ವಾಹ್' ಎನ್ನುತ್ತೇವೆ. ಅರಬಿಯಿಂದ ಬಂದ ಈ ಪದ ಮೂಲದಲ್ಲಿ ಒಂದು ಬಹುವಚನ. ಅದರ ಅರ್ಥ 'ಬಾಯಿಗಳು' ಎಂದಷ್ಟೆ. ಯಾರ ಬಾಯಿ ಎಂದು ಪದ ಹೇಳುವುದಿಲ್ಲ. ಕನ್ನಡದ ಹಿರಿಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಾಯಿಯನ್ನೂ ಬಿಟ್ಟು 'ಗಾಳಿಮಾತು' ಎಂದರು. ಗಾಳಿಮಾತಿಗೆ ವಾರಸುದಾರನಿಲ್ಲ ಎಂಬುದು ಎರಡೂ ಭಾಷೆಯವರಿಗೆ ಗೊತ್ತಿತ್ತು. ಆದರೆ ನಮ್ಮ ಸರಕಾರಗಳಿಗೆ ಈಗೀಗ ಈ ವಾರಸುದಾರನನ್ನು ಹುಡುಕಿ ಜೈಲಿಗೆ ಹಾಕುವ ಹುರುಪು ಬಂದಿದೆ. ಹುರುಪಿಗೆ ನಮ್ಮ ತಕರಾರಿಲ್ಲ. ಹುಡುಕಿದಾಗಲೆಲ್ಲ ಸಿಕ್ಕಿಬೀಳುವವರು ಯಾರು ಎಂಬುದೇ ನಮ್ಮ ತಕರಾರು.

2025ರ ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ ನಿಷೇಧದ ಮಸೂದೆಯೊಂದರ ಕರಡು ಹೊರಬಂತು. ಸಾಮಾಜಿಕ ಜಾಲತಾಣದಲ್ಲಿ ಸುಳ್ಳು ಸುದ್ದಿ ಹರಡಿದವರಿಗೆ 7 ವರ್ಷಗಳ ತನಕ ಸೆರೆವಾಸ, 10 ಲಕ್ಷ ರೂಪಾಯಿಗಳ ತನಕ ದಂಡ. ಯಾವುದು ಸುಳ್ಳು ಎಂದು ಪರಿಶೀಲಿಸಲು ಒಂದು ಪ್ರಾಧಿಕಾರ. ಅದರ ಅಧ್ಯಕ್ಷರು ಯಾರು? ಕನ್ನಡ ಮತ್ತು ಸಂಸ್ಕೃತಿ ಹಾಗೂ ವಾರ್ತಾ ಖಾತೆಯ ಸಚಿವರು! ಟೀಕೆಗಳು ಬಂದ ಮೇಲೆ ಇದು ಕರಡು ಮಾತ್ರ, ಅಂತಿಮವಲ್ಲ ಎಂಬ ವಿವರಣೆಯೂ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆಯುವ ಇನ್ನೊಂದು ಮಸೂದೆಯನ್ನು ಗದ್ದಲದ ನಡುವೆ ವಿಧಾನಮಂಡಲ ಅಂಗೀಕರಿಸಿತು. ಅದರಲ್ಲಿ 1ರಿಂದ 7 ವರ್ಷಗಳ ಶಿಕ್ಷೆ.

ಜುಮಾ ನಮಾಝ್ ಮುಗಿಸಿ ಮಸೀದಿಯ ಅಂಗಳದಲ್ಲಿ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಈ ಬಗ್ಗೆ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: "ಒಳ್ಳೆಯದಾಯಿತು. ಇನ್ನು ನಮ್ಮ ಮೇಲೆ ಸುಳ್ಳು ಹೇಳುವವರಿಗೆ ಬುದ್ಧಿ ಬಂದೀತು." ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಸುಳ್ಳಿನ ಪೆಟ್ಟು ತಿಂದವನ ಮುಂದೆ ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರವಚನ ಮಾಡುವುದು ಸುಲಭ. ಆತನ ಗಾಯಕ್ಕೆ ಅದು ಮುಲಾಮಲ್ಲ. ಆದುದರಿಂದ ನಾವು ಮೊದಲು ಆ ಗಾಯದ ಬಗ್ಗೆಯೇ ಮಾತಾಡುತ್ತೇವೆ.

2012ರ ಆಗಸ್ಟ್ ನೆನಪಿಸಿಕೊಳ್ಳಿ. ಅಸ್ಸಾಮಿನ ಕೊಕ್ರಾಝಾರ್‌ನಲ್ಲಿ ಹಿಂಸಾಚಾರ ನಡೆದಿತ್ತು. ಅದಕ್ಕೆ ಪ್ರತೀಕಾರವಾಗಿ ರಮಝಾನ್ ಮುಗಿಯುತ್ತಿದ್ದಂತೆ ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹೋಟೆಲುಗಳಲ್ಲಿ ಬಡಿಸುತ್ತಿದ್ದ, ಬಾಗಿಲು ಕಾಯುತ್ತಿದ್ದ, ಕಾಲೇಜಿನಲ್ಲಿ ಓದುತ್ತಿದ್ದ ಸಾವಿರಾರು ಯುವಕ ಯುವತಿಯರು ಕೈಗೆ ಸಿಕ್ಕಿದ ಚೀಲ ಹಿಡಿದು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಹೋಗಬೇಡಿ ಎಂದು ಮುಸ್ಲಿಮ್ ಮುಖಂಡರು ಅವರಲ್ಲಿ ಕೇಳಿಕೊಂಡರು. ಉಪವಾಸ ಹಿಡಿದವರು ತಾವು ಮಾಡದ, ಮಾಡಲು ಯೋಚಿಸಿಯೂ ಇರದ ಕೃತ್ಯಕ್ಕೆ ಮುಂಗಡವಾಗಿ ಜಾಮೀನು ನಿಲ್ಲಬೇಕಾದ ಸ್ಥಿತಿ ಅದು.

ಆಗ ಕೇಂದ್ರ ಸರಕಾರ ಏನು ಮಾಡಿತು? ಒಬ್ಬರು ದಿನಕ್ಕೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು 15 ದಿನಗಳ ಮಿತಿ ಹಾಕಿತು. ಮುನ್ನೂರಕ್ಕೂ ಹೆಚ್ಚು ಜಾಲಪುಟಗಳನ್ನೂ ಖಾತೆಗಳನ್ನೂ ಮುಚ್ಚಿಸಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿಯವರು ಆ ಪಟ್ಟಿಯನ್ನು ಜಾಲಾಡಿ ನೋಡಿದಾಗ ಕಂಡದ್ದೇನೆಂದರೆ, ಮುಚ್ಚಿಸಿದ ಪುಟಗಳಲ್ಲಿ ಗಾಳಿಸುದ್ದಿಯನ್ನು ಸುಳ್ಳೆಂದು ಸಾಬೀತುಪಡಿಸುವ ಬರಹಗಳೂ ಇದ್ದವು. ಬೆಂಕಿ ಆರಿಸಲು ಬಂದವನ ಕೊಡವನ್ನೂ ಕಿತ್ತುಕೊಂಡಂತೆ.

ಇನ್ನು 2018. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಪ್ ಸಂದೇಶಗಳು ದೇಶವನ್ನೆಲ್ಲ ಸುತ್ತುತ್ತಿದ್ದ ವರ್ಷ. ಅದರೊಂದಿಗೆ ಓಡಾಡುತ್ತಿದ್ದ ಒಂದು ವೀಡಿಯೊ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದು, ನಿಜವಾಗಿ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ್ದು. ಕೊನೆಯಲ್ಲಿ ಮಗುವನ್ನು ಮರಳಿ ತಂದು ಬಿಡುವ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ತಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಸತ್ತ. ಅವನೂ ಅವನ ಗೆಳೆಯರೂ ಮಾಡಿದ ಅಪರಾಧವೆಂದರೆ ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ಅವರ ಕಾರು ಮುರ್ಕಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವರನ್ನು ಉಳಿಸಲು ಹೋದ ಪೋಲೀಸರಿಗೂ ಪೆಟ್ಟಾಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ನಾವು ಪೋಲೀಸರನ್ನು ಬೈಯಲೆಂದೇ ಬರೆಯುತ್ತಿಲ್ಲ.

ಹಾಗಾದರೆ ಕಠಿಣ ಕಾನೂನು ಬೇಡವೆ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮುರ್ಕಿಯಲ್ಲಿ ಕೊಂದವರ ಮೇಲೆ ಕೊಲೆಯ ಕಾನೂನೇ ಇತ್ತು. ಕೊಲೆಗಿಂತ ಕಠಿಣವಾದ ಕಲಮು ಯಾವುದಿದೆ? ಸುಳ್ಳು ಹೇಳಿದವನಿಗೆ 7 ವರ್ಷ ಎಂಬ ಕಾನೂನು ಅಂದೇ ಇದ್ದಿದ್ದರೆ ಊರವರು ಆ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ಕಾನೂನಿನ ಪುಸ್ತಕ ತೆರೆದು ನೋಡುತ್ತಿದ್ದರೆ? ಅವರು ಅದನ್ನು ಸುಳ್ಳೆಂದು ಹರಡಲಿಲ್ಲ, ಸತ್ಯವೆಂದು ನಂಬಿ ಹರಡಿದರು. ಅವರ ದೃಷ್ಟಿಯಲ್ಲಿ ಅವರು ಮಕ್ಕಳನ್ನು ಕಾಯುತ್ತಿದ್ದರು. ಸುಳ್ಳೆಂದು ಗೊತ್ತಿದ್ದೇ ತಯಾರಿಸುವವನು ಬೇರೆ. ಆತ ಸಿಗುವುದು ಅಪರೂಪ, ಸಿಕ್ಕರೂ ಆತನ ಬೆನ್ನ ಹಿಂದೆ ಯಾರಾದರೂ ನಿಂತಿರುತ್ತಾರೆ. ಕಾನೂನಿನ ಬಲೆಗೆ ಬೀಳುವವನು ಬೆನ್ನ ಹಿಂದೆ ಯಾರೂ ಇಲ್ಲದವನು.

ಇದು ನಮ್ಮ ಊಹೆಯಲ್ಲ, ಆಗಿಹೋದ ಕತೆ. ಮುಂಬೈ ದಾಳಿಯ ಮರುತಿಂಗಳು, 2008ರ ಡಿಸೆಂಬರ್‌ನಲ್ಲಿ, ಹೇಳಿಕೊಳ್ಳುವಂಥ ಚರ್ಚೆಯಿಲ್ಲದೆ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯಿದೆಗೆ 66 ಎ ಎಂಬ ಕಲಮನ್ನು ಸೇರಿಸಿತು. ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಕಳಿಸಿದ ಸಂದೇಶ ಯಾರಿಗಾದರೂ ತೀರಾ ನೋವುಂಟುಮಾಡಿದರೆ, ಅಥವಾ ಸುಳ್ಳೆಂದು ತಿಳಿದೂ ಕಿರಿಕಿರಿ ಮಾಡಲು, ತೊಂದರೆ ಕೊಡಲು ಕಳಿಸಿದ್ದಾದರೆ 3 ವರ್ಷಗಳ ತನಕ ಜೈಲು. ಕಿರಿಕಿರಿ! ಅತ್ತೆ ಸೊಸೆಯರ ನಡುವೆ ದಿನಕ್ಕೆ ಹತ್ತು ಬಾರಿ ನಡೆಯುವ ಅಪರಾಧ. ಈ ಕಲಮಿನಲ್ಲಿ ಯಾರನ್ನು ಹಿಡಿದರು? ಗಲಭೆಗೆ ಕರೆಕೊಟ್ಟವರನ್ನೆ? 2012ರ ಏಪ್ರಿಲ್‌ನಲ್ಲಿ ಮಮತಾ ಬ್ಯಾನರ್ಜಿಯವರ ವ್ಯಂಗ್ಯಚಿತ್ರವನ್ನು ಇತರರಿಗೆ ಕಳಿಸಿದ ಜಾದವಪುರ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರರನ್ನು. ನವೆಂಬರ್‌ನಲ್ಲಿ ಪಾಲ್ಘರ್‌ನ ಇಬ್ಬರು ಹುಡುಗಿಯರನ್ನು: ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಏಕೆ ಬಂದ್ ಆಗಬೇಕು ಎಂದು ಒಬ್ಬಳು ಕೇಳಿದ್ದಳು, ಇನ್ನೊಬ್ಬಳು ಅದನ್ನು ಮೆಚ್ಚಿದ್ದಳು. ಕೇಳಿದ ಮುಸ್ಲಿಮ್ ಹುಡುಗಿಯ ಚಿಕ್ಕಪ್ಪನ ಆಸ್ಪತ್ರೆಯನ್ನು ಗುಂಪೊಂದು ಪುಡಿಮಾಡಿತು. 2014ರ ಮೇ ತಿಂಗಳಲ್ಲಿ ನರೇಂದ್ರ ಮೋದಿಯವರನ್ನು ಅಣಕಿಸುವ ಚಿತ್ರವನ್ನು ವಾಟ್ಸಪ್‌ನಲ್ಲಿ ಕಳಿಸಿದ್ದಕ್ಕೆ ಬೆಂಗಳೂರಿನಲ್ಲಿ ಬಂಧಿತನಾದವನು ಭಟ್ಕಳದ ಒಬ್ಬ ವಿದ್ಯಾರ್ಥಿ. ಮಮತಾ ಇರಲಿ, ಠಾಕ್ರೆ ಇರಲಿ, ಮೋದಿ ಇರಲಿ. ಪಕ್ಷ ಬೇರೆ ಬೇರೆ, ಕಲಮು ಒಂದೇ.

ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಹೂಡಿದ ದಾವೆಯಲ್ಲಿ ಸುಪ್ರೀಮ್ ಕೋರ್ಟು 2015ರ ಮಾರ್ಚ್ 24ರಂದು 66 ಎ ಕಲಮನ್ನು ರದ್ದುಗೊಳಿಸಿತು. ಅಲ್ಲಿಗೆ ಮುಗಿಯಬೇಕಿತ್ತಲ್ಲವೆ? ಸತ್ತ ಕಲಮಿನಲ್ಲಿ ಪೋಲೀಸರು ಮೊಕದ್ದಮೆ ದಾಖಲಿಸುತ್ತಲೇ ಹೋದರು. 2021ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ಇದು ಆಘಾತಕಾರಿ ಎಂದಿತು. 2022ರ ಅಕ್ಟೋಬರ್‌ನಲ್ಲಿ ಯಾರನ್ನೂ ಈ ಕಲಮಿನಡಿ ವಿಚಾರಣೆಗೆ ಒಳಪಡಿಸಕೂಡದೆಂದು ಮತ್ತೊಮ್ಮೆ ಆದೇಶಿಸಬೇಕಾಯಿತು. ಪ್ರೊಫೆಸರ್ ಮಹಾಪಾತ್ರರು ಮೊಕದ್ದಮೆಯಿಂದ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಒಂದು ವ್ಯಂಗ್ಯಚಿತ್ರಕ್ಕೆ ಹತ್ತು ವರ್ಷಗಳಿಗೂ ಮಿಕ್ಕಿದ ಕೋರ್ಟಿನ ಅಲೆದಾಟ. ಶಿಕ್ಷೆಗಿಂತ ವಿಚಾರಣೆಯೇ ದೊಡ್ಡ ಶಿಕ್ಷೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಿಂತಲೂ ಹಳೆಯ ಪಾಠವೊಂದಿದೆ. ಅದು ನಮ್ಮ ಮನೆಯದೇ. 1920ರ ದಶಕದಲ್ಲಿ ಪ್ರವಾದಿಯವರನ್ನು ಅವಹೇಳನ ಮಾಡುವ ಪುಸ್ತಕವೊಂದು ಲಾಹೋರಿನಲ್ಲಿ ಪ್ರಕಟವಾಯಿತು. ಪ್ರಕಾಶಕನನ್ನು ಶಿಕ್ಷಿಸಲು ಇದ್ದ ಕಾನೂನು ಸಾಲದು ಎಂದು ಲಾಹೋರ್ ಹೈಕೋರ್ಟು 1927ರಲ್ಲಿ ಅವನನ್ನು ಬಿಟ್ಟಿತು. ಮುಸ್ಲಿಮರು ಹೊಸ ಕಾನೂನಿಗಾಗಿ ಒತ್ತಾಯಿಸಿದರು. ಬ್ರಿಟಿಷ್ ಸರಕಾರ ಅದೇ ವರ್ಷ ದಂಡ ಸಂಹಿತೆಗೆ 295 ಎ ಕಲಮನ್ನು ಸೇರಿಸಿತು. ನ್ಯಾಯವಾದಿಯಾಗಿದ್ದ ಮುಹಮ್ಮದಲಿ ಜಿನ್ನಾ ಶಾಸನಸಭೆಯಲ್ಲಿ ಮಸೂದೆಯನ್ನು ಬೆಂಬಲಿಸುತ್ತಲೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಚರಿತ್ರೆ ಬರೆಯುವವರಿಗೆ, ಸತ್ಯ ಶೋಧಿಸುವವರಿಗೆ, ಪ್ರಾಮಾಣಿಕವಾಗಿ ಟೀಕಿಸುವವರಿಗೆ ಇದರಿಂದ ರಕ್ಷಣೆ ಇರಬೇಕು ಎಂದು. ವಕೀಲನ ಕಣ್ಣಿಗೆ ಕಂಡದ್ದು ಗುಂಪಿನ ಕಣ್ಣಿಗೆ ಕಾಣಲಿಲ್ಲ.

ಸುಮಾರು 95 ವರ್ಷಗಳ ಬಳಿಕ ಅದೇ 295 ಎ ಯಾರ ಬಾಗಿಲು ತಟ್ಟಿತು? 2022ರ ಜೂನ್ 27ರಂದು ದಿಲ್ಲಿ ಪೋಲೀಸರು ಆಲ್ಟ್ ನ್ಯೂಸ್‌ನ ಮುಹಮ್ಮದ್ ಝುಬೈರ್ ಅವರನ್ನು ಬಂಧಿಸಿದರು. ಸುಳ್ಳು ಸುದ್ದಿಗಳ ಬುಡ ಶೋಧಿಸಿ, ಈ ಚಿತ್ರ ಇಲ್ಲಿಯದಲ್ಲ, ಈ ವೀಡಿಯೊ ಆ ವರ್ಷದ್ದಲ್ಲ ಎಂದು ಬಯಲು ಮಾಡುವುದೇ ಅವರ ಕಸುಬು. ಬಂಧನಕ್ಕೆ ಕಾರಣ 2018ರ ಒಂದು ಟ್ವೀಟ್. ಅದರಲ್ಲಿದ್ದುದು ಹೃಷಿಕೇಶ ಮುಖರ್ಜಿಯವರ 1983ರ ಹಾಸ್ಯಚಿತ್ರ 'ಕಿಸೀ ಸೆ ನಾ ಕೆಹ್ನಾ'ದ ಒಂದು ದೃಶ್ಯ. ಸೆನ್ಸಾರ್ ಮಂಡಳಿ ಒಪ್ಪಿದ, ದೇಶವೆಲ್ಲ ನೋಡಿ ನಕ್ಕ ಸಿನಿಮಾ. ತನ್ನ ಭಾವನೆಗೆ ನೋವಾಯಿತು ಎಂದು ದೂರಿದ್ದು ಹೆಸರು ಮರೆಮಾಚಿದ ಒಂದು ಟ್ವಿಟ್ಟರ್ ಖಾತೆ. ದೂರುದಾರ ಯಾರೆಂದು ಜಗತ್ತಿಗೆ ಗೊತ್ತಿಲ್ಲ, ಆರೋಪಿ ಮಾತ್ರ ಜೈಲಿನಲ್ಲಿ. ದಿಲ್ಲಿ ಪೋಲೀಸರು ಬೆಂಗಳೂರಿನ ಅವರ ಮನೆಯ ತನಕ ಬಂದು ಹುಡುಕಿದರು. ಉತ್ತರ ಪ್ರದೇಶದಲ್ಲಿ ಮೊಕದ್ದಮೆಗಳ ಸರಮಾಲೆಯೇ ಸಿದ್ಧವಾಗಿತ್ತು. ಜುಲೈ 20ರಂದು ಸುಪ್ರೀಮ್ ಕೋರ್ಟು ಎಲ್ಲದರಲ್ಲೂ ಜಾಮೀನು ಕೊಟ್ಟಿತು. ಇನ್ನು ಟ್ವೀಟ್ ಮಾಡಬಾರದೆಂದು ಷರತ್ತು ಹಾಕಿ ಎಂದು ಉತ್ತರ ಪ್ರದೇಶ ಸರಕಾರ ಕೇಳಿಕೊಂಡಾಗ, ವಕೀಲನಿಗೆ ವಾದ ಮಾಡಬೇಡ ಎಂದು ಹೇಳಲಾದೀತೆ ಎಂದು ನ್ಯಾಯಮೂರ್ತಿ ಚಂದ್ರಚೂಡ್ ಕೇಳಿದರು.

ಓದುಗರು ಗಮನಿಸಬೇಕು. ನಮ್ಮ ಹಿರಿಯರು ನಮ್ಮ ರಕ್ಷಣೆಗೆಂದು ಕೇಳಿ ಪಡೆದ ಬೀಗ ಅದು. ಬೀಗ ನಮ್ಮದಾದರೂ ಕೀಲಿಕೈ ಸರಕಾರದ ಸೊಂಟದಲ್ಲೇ ಉಳಿಯಿತು.

ಕರ್ನಾಟಕದ ಕರಡಿನಲ್ಲಿ ವ್ಯಂಗ್ಯ, ಹಾಸ್ಯ, ಕಲಾ ಅಭಿವ್ಯಕ್ತಿಗೆ ವಿನಾಯಿತಿ ಇತ್ತು. ಸಾಮಾನ್ಯ ವಿವೇಕವುಳ್ಳವನು ಅದನ್ನು ನಿಜವೆಂದು ತಿಳಿಯದಿದ್ದರೆ ಮಾತ್ರ. ಯಾರು ಈ ಸಾಮಾನ್ಯ ವಿವೇಕಿ? ಠಾಣೆಯ ಬರಹಗಾರನೆ? ನಾಲ್ಕು ದಶಕ ಹಳೆಯ ಹಾಸ್ಯಚಿತ್ರ ನೋಡಿ ನಗದೆ ಎಫ್‌ಐಆರ್ ಬರೆದ ಅಧಿಕಾರಿಯೆ? ಕತೆ ಬರೆದು ಬದುಕುವ ನಮ್ಮಂಥವರಿಗೆ ಈ ಪ್ರಶ್ನೆ ತಮಾಷೆಯದ್ದಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. 2020ರ ಏಪ್ರಿಲ್. ನಿಝಾಮುದ್ದೀನ್ ಮರ್ಕಝ್‌ನ ತಬ್ಲೀಗ್ ಸಮಾವೇಶದ ನೆಪದಲ್ಲಿ ಇಡೀ ಸಮುದಾಯಕ್ಕೆ ವೈರಸ್ಸಿನ ಹೆಸರಿಟ್ಟ ದಿನಗಳು. ಹಣ್ಣಿನ ಗಾಡಿಯವನ ಹೆಸರು ಕೇಳಿ ವ್ಯಾಪಾರ ಮಾಡಿದ ದಿನಗಳು. ಆ ಸುಳ್ಳಿನ ಮೂಲ ಯಾವುದು? ಕೇಂದ್ರದ ಆರೋಗ್ಯ ಇಲಾಖೆ ಪತ್ರಿಕಾಗೋಷ್ಠಿಗಳಲ್ಲಿ ತಬ್ಲೀಗಿಗೆ ಸಂಬಂಧಿಸಿದ ಸೋಂಕಿನ ಲೆಕ್ಕವನ್ನು ಪ್ರತ್ಯೇಕವಾಗಿ ಕೊಡುತ್ತಿತ್ತು. ಏಪ್ರಿಲ್ ನಡುವೆ ಅದು ಒಟ್ಟು ಪ್ರಕರಣಗಳ ಶೇಕಡಾ 30ರ ಹತ್ತಿರವೆಂದು ಹೇಳಿತು. ಅಂಕಿ ಸುಳ್ಳೆ? ಅಲ್ಲ. ಮರ್ಕಝ್‌ಗೆ ಹೋದವರನ್ನು ಬೆನ್ನಟ್ಟಿ ಹುಡುಕಿ ಪರೀಕ್ಷಿಸುತ್ತಿದ್ದಾಗ, ಉಳಿದವರಲ್ಲಿ ಪರೀಕ್ಷೆಯೇ ಅಪರೂಪವಾಗಿದ್ದಾಗ, ಸಿಗಬೇಕಾದ ಅಂಕಿಯೇ ಸಿಕ್ಕಿತು. ಬೇರೆ ಯಾವ ಸಮಾವೇಶಕ್ಕೂ ಪ್ರತ್ಯೇಕ ಲೆಕ್ಕ ಇರಲಿಲ್ಲ. ಅಂದರೆ ಸುಳ್ಳನ್ನು ಸತ್ಯದ ಇಟ್ಟಿಗೆಗಳಿಂದಲೇ ಕಟ್ಟಿದ್ದರು.

ಅಂದು ಸತ್ಯ ಪರಿಶೀಲನೆಯ ಸರಕಾರಿ ಪ್ರಾಧಿಕಾರವೊಂದು ಇದ್ದು, ಅದರ ಕೈಯಲ್ಲಿ 7 ವರ್ಷಗಳ ಜೈಲಿನ ಕೋಲು ಇದ್ದಿದ್ದರೆ ಏನಾಗುತ್ತಿತ್ತು? ಇಲಾಖೆಯ ಅಂಕಿಗೆ 'ಸತ್ಯ' ಎಂಬ ಮೊಹರು ಬೀಳುತ್ತಿತ್ತು. ಈ ಅಂಕಿ ದಾರಿ ತಪ್ಪಿಸುತ್ತದೆ ಎಂದು ಬರೆದ ನಮ್ಮ ಯಾವನೋ ಹುಡುಗನಿಗೆ 'ಸುಳ್ಳುಗಾರ' ಎಂಬ ಮೊಹರು ಬೀಳುತ್ತಿತ್ತು. ತಬ್ಲೀಗಿಗೆ ಬಂದಿದ್ದ ವಿದೇಶೀಯರನ್ನು ಬಲಿಪಶು ಮಾಡಲಾಯಿತು, ಅವರ ವಿರುದ್ಧ ಮಾಧ್ಯಮಗಳಲ್ಲಿ ಅಪಪ್ರಚಾರ ನಡೆಯಿತು ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿದ್ದು ಆಗಸ್ಟ್ 21ರಂದು. ನ್ಯಾಯಾಲಯದ ತೀರ್ಪು ಬರುವ ತನಕದ ಆ ನಾಲ್ಕು ತಿಂಗಳು ಸರಕಾರದ ಸತ್ಯವೇ ಕಾನೂನಿನ ಸತ್ಯವಾಗಿರುತ್ತಿತ್ತು. ಕನ್ನಡದ ಎರಡು ಸುದ್ದಿವಾಹಿನಿಗಳಿಗೆ ಇದೇ ವಿಷಯದಲ್ಲಿ 2021ರ ಜೂನ್‌ನಲ್ಲಿ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ಹಾಕಿದ್ದು ಯಾವ ಸರಕಾರವೂ ಅಲ್ಲ, ವಾಹಿನಿಗಳ ಸ್ವಂತ ನಿಯಂತ್ರಣ ಸಂಸ್ಥೆ. ಅದೂ ಬೆಂಗಳೂರಿನ ನಾಗರಿಕರ ಗುಂಪೊಂದು ಪಟ್ಟುಹಿಡಿದು ದೂರು ಕೊಟ್ಟ ಮೇಲೆ. ದಂಡದ ಮೊತ್ತ ಒಂದೆರಡು ಜಾಹೀರಾತಿನ ಕಾಸು ಎಂಬುದು ನಿಜ. ಆದರೆ ಬೆರಳು ಎತ್ತಿದ್ದು ನಾಗರಿಕರು ಎಂಬುದೂ ನಿಜ.

ಕೇಂದ್ರ ಸರಕಾರವೂ ಈ ಮೊಹರಿಗೆ ಕೈಹಾಕಿ ನೋಡಿತು. ತನ್ನ ವ್ಯವಹಾರದ ಬಗ್ಗೆ ಯಾವುದು ಸುಳ್ಳೆಂದು ತನ್ನದೇ ಘಟಕ ತೀರ್ಮಾನಿಸುವ ನಿಯಮವನ್ನು 2023ರ ಏಪ್ರಿಲ್‌ನಲ್ಲಿ ತಂದಿತು. ಹಾಸ್ಯಗಾರ ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಮುಂತಾದವರು ಪ್ರಶ್ನಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು. ದಿಲ್ಲಿಯಲ್ಲಿ ಬಿಜೆಪಿ ಮಾಡಿದಾಗ ಸರ್ವಾಧಿಕಾರವೆನಿಸಿದ್ದು ಬೆಂಗಳೂರಿನಲ್ಲಿ ಕಾಂಗ್ರೆಸ್ ಮಾಡಿದಾಗ ಜಾತ್ಯತೀತವಾಗುವುದು ಹೇಗೆ? ಸರಕಾರ ಬದಲಾಗುತ್ತದೆ, ಪ್ರಾಧಿಕಾರದ ಕುರ್ಚಿ ಅಲ್ಲೇ ಇರುತ್ತದೆ. ನಾಳೆ ಅದರಲ್ಲಿ ಕುಳಿತುಕೊಳ್ಳುವವರು ಯಾರೆಂದು ಇಂದು ಚಪ್ಪಾಳೆ ತಟ್ಟುವವರು ಯೋಚಿಸಿದ್ದಾರೆಯೆ? ಆ ಕರಡಿನಲ್ಲೇ ಸನಾತನ ಸಂಕೇತಗಳಿಗೆ ಅಗೌರವ ತೋರುವ ಬರಹಗಳಿಗೂ ನಿಷೇಧವಿತ್ತು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದಾರೋ ತಿಳಿಯದು.

ನಮ್ಮ ಚರಿತ್ರೆಯಲ್ಲೂ ಇದರ ನಿದರ್ಶನವಿದೆ. ಗ್ರೀಕ್ ಗ್ರಂಥಗಳ ಅನುವಾದಕ್ಕೆ ಪೋಷಕನಾಗಿದ್ದ, ವಿದ್ವಾಂಸರನ್ನು ಸುತ್ತ ಕೂರಿಸಿಕೊಂಡಿದ್ದ ಬಗ್ದಾದಿನ ಖಲೀಫ ಮಾಮೂನ್ ಕ್ರಿ.ಶ. 833ರಲ್ಲಿ, ಯಾವ ನಂಬಿಕೆ ಸರಿ ಎಂಬುದನ್ನು ಆಸ್ಥಾನವೇ ನಿರ್ಧರಿಸುತ್ತದೆಂದು ವಿಚಾರಣೆಗಳನ್ನು ಆರಂಭಿಸಿದ. ಒಪ್ಪದ ಇಮಾಮ್ ಅಹ್ಮದ್ ಇಬ್ನ್ ಹಂಬಲ್‌ರನ್ನು ಸೆರೆಗೆ ಹಾಕಲಾಯಿತು. ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟೂ ಬಿತ್ತು. ವಿದ್ಯಾಪ್ರೇಮಿ ದೊರೆಯ ಕೈಯಲ್ಲೇ ಹೀಗಾದರೆ ಉಳಿದವರ ಮಾತೇನು? ಅದೇ ಕಾಲದಲ್ಲಿ ಹದೀಸ್ ಸಂಗ್ರಹಕಾರರು ಸುಳ್ಳು ವರದಿಗಳನ್ನು ಜರಡಿ ಹಿಡಿಯುತ್ತಿದ್ದರು. ಯಾರು ಯಾರಿಂದ ಕೇಳಿದರು ಎಂಬ 'ಸನದ್' ಇಲ್ಲದ ಮಾತನ್ನು ಅವರು ಸ್ವೀಕರಿಸುತ್ತಿರಲಿಲ್ಲ. ಆ ಕೆಲಸಕ್ಕೆ ಖಲೀಫನ ಕೊತ್ವಾಲ ಬೇಕಾಗಿರಲಿಲ್ಲ. ಇಂದು ಅದೇ ಜಮಾಅತಿನ ವಾಟ್ಸಪ್ ಗುಂಪಿನಲ್ಲಿ, ಈ ಎಣ್ಣೆ ಹಚ್ಚಿದರೆ ಕ್ಯಾನ್ಸರ್ ವಾಸಿಯಾಗುತ್ತದೆ, ಇಂಥ ಊರಿನಲ್ಲಿ ನಮ್ಮವರ ಮೇಲೆ ಹಲ್ಲೆಯಾಗಿದೆ ಎಂದು ಸನದಿಲ್ಲದ ಸಂದೇಶಗಳನ್ನು ಮುಂದಕ್ಕೆ ತಳ್ಳುವವರು ನಾವೇ. ಹೊಸ ಕಾನೂನು ಬಂದರೆ ಮೊದಲು ಯಾರ ಫೋನು ಜಪ್ತಿಯಾದೀತು ಎಂಬುದನ್ನು ಅಂದಾಜಿಸಲು ದೊಡ್ಡ ಬುದ್ಧಿ ಬೇಕಾಗಿಲ್ಲ.

ಮತ್ತೆ ಬೀದರ್‌ಗೆ ಬರೋಣ. 2020ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾನೂನಿನ ಬಗ್ಗೆ ನಾಟಕವಾಡಿದರು. ಅದರ ವೀಡಿಯೊ ಫೇಸ್‌ಬುಕ್ಕಿಗೆ ಹೋಯಿತು. ನಾಟಕದ ಒಂದು ಮಾತು ಪ್ರಧಾನಿಗೆ ಅವಮಾನವೆಂದು ದೂರು, ದಾಖಲಾದದ್ದು ರಾಜದ್ರೋಹ. ಮುಖ್ಯ ಶಿಕ್ಷಕಿ ಮತ್ತು ಮಾತು ಆಡಿದ ಮಗುವಿನ ವಿಧವೆ ತಾಯಿ ಜೈಲು ಸೇರಿದರು. ಮಗು ನೆರೆಯವರ ಆಸರೆಯಲ್ಲಿ ಉಳಿಯಿತು. ಸಣ್ಣ ಮಕ್ಕಳನ್ನು ಪೋಲೀಸರು ಮತ್ತೆ ಮತ್ತೆ ಕೂರಿಸಿ ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಮೊಕದ್ದಮೆಯನ್ನು ರದ್ದು ಮಾಡಿತು. ಮುರ್ಕಿ ಇರುವುದೂ ಅದೇ ಜಿಲ್ಲೆಯಲ್ಲಿ. ಅಲ್ಲಿ ಗಾಳಿಮಾತನ್ನು ಹಿಡಿಯಲಾರದ ಕಾನೂನು ಇಲ್ಲಿ ಮಗುವಿನ ಮಾತನ್ನು ಎಷ್ಟು ಸಲೀಸಾಗಿ ಹಿಡಿಯಿತು!

ಹಾಗಾದರೆ ದ್ವೇಷ ಕಾರುವವರನ್ನು ಬಿಟ್ಟುಬಿಡಬೇಕೆ ಎಂದು ಕೇಳಿದರೆ, ಬಿಡಬಾರದು. ಸುಳ್ಳು ಹೇಳುವುದು ಬೇರೆ, ಹೊಡೆಯಿರಿ ಸುಡಿರಿ ಎಂದು ಜನರನ್ನು ಎತ್ತಿಕಟ್ಟುವುದು ಬೇರೆ. ಎರಡನೆಯದಕ್ಕೆ ಕಾನೂನು ಬ್ರಿಟಿಷರ ಕಾಲದಿಂದ ಇದೆ: ಅಂದಿನ 153 ಎ, ಇಂದಿನ ನ್ಯಾಯ ಸಂಹಿತೆಯ 196. ದೂರು ಬರಲಿ ಬಿಡಲಿ, ಧರ್ಮ ನೋಡದೆ ಸ್ವಯಂ ಮೊಕದ್ದಮೆ ದಾಖಲಿಸಬೇಕೆಂದು ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಕೊರತೆ ಇರುವುದು ಕಲಮಿನದ್ದಲ್ಲ. ಈ ಕಲಮಿನಡಿ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಮೊದಲು ಸರಕಾರದ ಅನುಮತಿ ಬೇಕು. ವೇದಿಕೆಯಲ್ಲಿ ಅಬ್ಬರಿಸುವವನು ಎಫ್‌ಐಆರ್‌ಗೆ ಹೆದರದಿರುವ ಗುಟ್ಟು ಇದೇ. ಅನುಮತಿ ಕೊಟ್ಟರೂ ಮೊಕದ್ದಮೆಗಳನ್ನು ಸರಕಾರವೇ ಹಿಂತೆಗೆಯುತ್ತದೆ. ಇದು ಒಂದೇ ಪಕ್ಷದ ಚಾಳಿಯೂ ಅಲ್ಲ. 2022ರ ಹುಬ್ಬಳ್ಳಿ ಗಲಭೆಯೂ ಸೇರಿ 43 ಮೊಕದ್ದಮೆಗಳನ್ನು ಹಿಂತೆಗೆಯಲು 2024ರಲ್ಲಿ ಇದೇ ಕಾಂಗ್ರೆಸ್ ಸರಕಾರ ತೀರ್ಮಾನಿಸಿತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು. ಆ ಪಟ್ಟಿಯಲ್ಲಿ ನಮ್ಮವರೂ ಇದ್ದರು ಎಂಬ ಕಾರಣಕ್ಕೆ ನಾವು ಅದನ್ನು ಸರಿಯೆನ್ನಲಾರೆವು.

ಆದುದರಿಂದ ವಿಧಾನಸೌಧದಲ್ಲಿ ಕುಳಿತವರಿಗೆ ನಮ್ಮ ಬೇಡಿಕೆ ಚಿಕ್ಕದು. ದ್ವೇಷ ಭಾಷಣದ ಪ್ರಕರಣಗಳಲ್ಲಿ ವಿಚಾರಣೆಯ ಅನುಮತಿ ಕೋರಿ ಗೃಹ ಇಲಾಖೆಗೆ ಬಂದ ಕಡತಗಳೆಷ್ಟು, ಯಾವುದು ಎಷ್ಟು ವರ್ಷದಿಂದ ಅಲ್ಲಿ ಮಲಗಿದೆ, ಯಾವುದನ್ನು ಯಾವ ಕಾರಣಕ್ಕೆ ನಿರಾಕರಿಸಲಾಯಿತು, ಯಾವುದನ್ನು ಹಿಂತೆಗೆಯಲಾಯಿತು, ಆರೋಪಿಯ ಪಕ್ಷ ಯಾವುದು ಎಂಬ ಪಟ್ಟಿಯನ್ನು ಮೊದಲು ಸದನದ ಮುಂದಿಡಲಿ. ಹೊಸ ಕಲಮಿನ ಮಾತನ್ನು ಆ ಪಟ್ಟಿ ಓದಿದ ಮೇಲೆ ಆಡೋಣ.